ಬೆಲ್ಲದ ಬಣ್ಣದ ಗಡಿಯಾರಕ್ಕಾಗಿ ಬೀಲ್ ಪೇಟೆಗೆ

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ಊರಿಗೆ ಬಂದಾಗಿನಿಂದ ಎಲ್ಲರೂ ಮೊದಲು ಕೇಳಿದ್ದು ಅದನ್ನೇ. ಗಡಿಯಾರಕ್ಕೆ ನಾಲ್ಕು ಲಕ್ಷ ಚಿಲ್ಲರೆ. ನಮ್ಮಿಬ್ಬರ ಪ್ರವಾಸಕ್ಕೆ ಅದಕ್ಕಿಂತ ಒಂದಿಷ್ಟು ಹೆಚ್ಚು. ಚಿನ್ನದ್ದಲ್ಲ, ಕಲ್ಲು ಕೂರಿಸಿದ್ದಲ್ಲ, ಬರೀ ಸ್ಟೀಲಿನದು. ಸ್ಟೀಲಿನ ಬೆಲೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮದ್ದೂರು ಪೇಟೆಯಲ್ಲಿ ನನ್ನದು ಪಾತ್ರೆ ಅಂಗಡಿ. ಅಷ್ಟು ದುಡ್ಡಿಗೆ ನಾನು ಒಂದು ಕಲ್ಯಾಣ ಮಂಟಪದ ಅಡುಗೆಮನೆಯನ್ನು ಪೂರ್ತಿ ತುಂಬಿಸಿಕೊಟ್ಟು, ಮೇಲೆ ಎರಡು ಇಡ್ಲಿ ಪಾತ್ರೆ ಕೊಸರು ಕೊಡುತ್ತೇನೆ.

ಹಾಗಿದ್ದೂ ಯಾಕೆ ಕೊಂಡೆವು ಅಂದರೆ, ಆ ದುಡ್ಡು ನನ್ನದಲ್ಲ, ನಮ್ಮ ಮನೆಯವರದು. ಅವರು ಮಂಡ್ಯದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬಿನ ಸಹಾಯಕರಾಗಿದ್ದರು. ಮಕ್ಕಳು ಲೋಲಕ ತೂಗಿಸಿ ಸಮಯ ಅಳೆಯುತ್ತಾರಲ್ಲ, ಆ ಸ್ಟಾಪ್‌ವಾಚುಗಳ ಬೀರುವಿನ ಕೀಲಿಕೈ ಇವರ ಹತ್ತಿರ. ಕೆಟ್ಟದ್ದನ್ನು ಬಿಚ್ಚಿ, ಒರೆಸಿ, ಮತ್ತೆ ಓಡಿಸುವುದೇ ಇವರಿಗೆ ಹಬ್ಬ. ಕೆಲಸಕ್ಕೆ ಸೇರಿದಾಗಿನಿಂದ ರಜೆ ಹಾಕಿದ್ದು ಬಹಳ ಕಡಿಮೆ. ನಿವೃತ್ತಿಯಾದಾಗ, ಹಾಕದೆ ಉಳಿಸಿದ ರಜೆಗೆ ಸರ್ಕಾರ ಕೊಟ್ಟ ದುಡ್ಡು ಬಂತು. ಅದರಲ್ಲಿ ಏನು ಮಾಡುತ್ತೀರಿ ಅಂತ ಕೇಳಿದೆ. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಮದುವೆಯಾದಾಗಿನಿಂದ ಅವರು ನನಗೆ ಹೀಗೆ ಏನನ್ನೂ ತೋರಿಸಿರಲಿಲ್ಲ.

ಅದು ಸ್ವಿಟ್ಜರ್ಲೆಂಡಿನ ಒಂದು ಹಳೆಯ ಕಂಪನಿಯ ಗಡಿಯಾರ. ಸಮುದ್ರದಲ್ಲಿ ಮುಳುಗುವವರಿಗೆಂದು ಮಾಡಿದ್ದು. ಸುತ್ತ ತಿರುಗುವ ಒಂದು ಬಳೆ, ಪಕ್ಕದಲ್ಲಿ ಎರಡು ಗುಂಡಿ, ಮುಖದೊಳಗೆ ಪುಟ್ಟಪುಟ್ಟ ಮುಳ್ಳುಗಳು. ಗುಂಡಿ ಒತ್ತಿದರೆ ಗಡಿಯಾರವೇ ಸ್ಟಾಪ್‌ವಾಚ್ ಆಗುತ್ತದೆ. ಅದಕ್ಕೆ ಕ್ರೊನೊಗ್ರಾಫ್ ಅನ್ನುತ್ತಾರೆ. ನಮ್ಮ ಅಜ್ಜಂದಿರ ಕಾಲದಲ್ಲಿ ಈ ಕಂಪನಿ ಮಾಡಿದ್ದ ಗಡಿಯಾರಗಳ ಕಪ್ಪು ಮುಖಗಳು ಬಿಸಿಲು ತಾಗಿ ತಾಗಿ ಕಂದಾಗಿದ್ದವಂತೆ. ಸಂಗ್ರಹ ಮಾಡುವವರಿಗೆ ಆ ಕಂದು ಬಣ್ಣವೇ ಹುಚ್ಚು. ಅದಕ್ಕೆ ಕಂಪನಿಯವರು ಈಗ ಹೊಸ ಗಡಿಯಾರವನ್ನೇ ಹಳೆಯದರ ಹಾಗೆ, ಹುಟ್ಟುವಾಗಲೇ ಕಂದು ಮುಖದಲ್ಲಿ ಮಾಡಿದ್ದಾರೆ. ಹೊಸ ಮಾಲನ್ನು ಹಳೆಯದಾಗಿ ಕಾಣಿಸಿ ಹೆಚ್ಚಿನ ಬೆಲೆಗೆ ಮಾರುವ ಈ ಜಾಣತನ ಕೇಳಿ ನಾನು ಆ ಕಂಪನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ನಮ್ಮ ಅಂಗಡಿಯಲ್ಲಿ ಒಂದು ಗೀರು ಬಿದ್ದ ತಟ್ಟೆಯನ್ನು ಅರ್ಧ ಬೆಲೆಗೂ ಕೇಳುವವರಿಲ್ಲ.

ಆದರೆ ಬಣ್ಣ ಮಾತ್ರ ನಿಜಕ್ಕೂ ಚೆಂದ. ಆಲೆಮನೆಯಲ್ಲಿ ಪಾಕ ಹದಕ್ಕೆ ಬಂದಾಗ ಕೊಪ್ಪರಿಗೆಯ ನಡುವೆ ಹೊಂಬಣ್ಣ, ಅಂಚಿಗೆ ಹೋದ ಹಾಗೆ ಕಪ್ಪು. ಥೇಟ್ ಅದೇ. ಈ ಬೆಲ್ಲದ ಮುಖದ್ದು ಕಂಪನಿಯ ಸ್ವಂತ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ, ಮೊದಲೇ ಹೆಸರು ಹೇಳಿಟ್ಟು, ಸ್ವತಃ ಹೋಗಿ ಕೈಗೆ ಕಟ್ಟಿ ನೋಡಿ ಕೊಳ್ಳಬೇಕು. ಮನೆಯವರು ಹೆಸರು ಹೇಳಿ ಎರಡು ವರ್ಷ ಕಾದಿದ್ದರು. ಒಂದು ಗಡಿಯಾರ ಬಂದಿದೆ, ಇಂಥ ದಿನ ಬನ್ನಿ ಅಂತ ಕರೆ ಬಂತು. ಮೈಸೂರಿನಿಂದ ಹೊರಡುವ ಒಂದು ಪ್ರವಾಸದ ತಂಡ ಆ ದಿನಕ್ಕೆ ಸರಿಯಾಗಿ ಅಲ್ಲಿರುತ್ತಿತ್ತು. ಹೊರಟೆವು.

ಇಂಟರ್‌ಲೇಕನ್

ತಂಡದಲ್ಲಿ ನನ್ನ ಚಿಕ್ಕಮ್ಮನ ಮಗಳು ಸುಶೀಲಳೂ ಇದ್ದಳು. ಮಳವಳ್ಳಿಯವಳು, ರೇಷ್ಮೆಗೂಡಿನ ವ್ಯಾಪಾರ ಮಾಡುತ್ತಾಳೆ, ಬಾಯಿ ನನಗಿಂತ ಒಂದು ಕೈ ಮೇಲು. ಗಡಿಯಾರದ ವಿಷಯ ತಿಳಿದ ಮೇಲೆ ನಮ್ಮ ಮನೆಯವರನ್ನು ಕಾಡುವುದೇ ಅವಳಿಗೆ ಕೆಲಸವಾಯಿತು.

"ಭಾವ, ಆ ಗಡಿಯಾರ ಇನ್ನೂರು ಮೀಟ್ರು ನೀರೊಳಕ್ಕೆ ಓಯ್ತದಂತಲ್ಲ. ನೀವು ವಿ.ಸಿ. ನಾಲೇಲಿ ಮಂಡಿಗಂಟನಾದ್ರೂ ಇಳಿದಿದ್ದೀರಾ?"

"ಈಜು ಗಡಿಯಾರಕ್ಕೆ ಬಂದ್ರೆ ಸಾಕು ಕಣಮ್ಮ. ನಂಗ್ಯಾಕೆ?" ಅಂದರು ಇವರು.

ಎರಡು ಕೆರೆಗಳ ನಡುವೆ ಇರುವ ಊರು ಇಂಟರ್‌ಲೇಕನ್. ಎಲ್ಲರೂ ಬೆಟ್ಟದ ಮೇಲಿನ ಹಿಮ ನೋಡಿ ಬಾಯಿ ತೆರೆದು ನಿಂತಿದ್ದರೆ ನಾನು ನಿಂತದ್ದು ಊರಾಚೆ ಒಂದು ತೋಟದ ಮುಂದೆ. ಅಲ್ಲೊಂದು ಮರದ ಕಪಾಟು. ಅದರಲ್ಲಿ ಸೇಬು, ಮೊಟ್ಟೆ, ಜೇನಿನ ಬಾಟಲಿ. ಬೆಲೆ ಬರೆದ ಹಲಗೆ, ಪಕ್ಕದಲ್ಲಿ ದುಡ್ಡು ಹಾಕುವ ತಗಡಿನ ಡಬ್ಬಿ. ಮಾರುವವರು ಇಲ್ಲ. ಊಟಕ್ಕೆ ಹೋಗಿರಬೇಕು ಅಂದುಕೊಂಡು ಕಪಾಟಿನ ಹಿಂದೆ ಹೋಗಿ ನೋಡಿದೆ, ಬೇಲಿಯಾಚೆ ಇಣುಕಿದೆ. ಒಂದು ಹಸು ನನ್ನ ಮುಖ ನೋಡಿತು. ಅಷ್ಟರಲ್ಲಿ ಸೈಕಲ್ಲಿನಲ್ಲಿ ಒಬ್ಬ ಮುದುಕಿ ಬಂದು, ಮೊಟ್ಟೆ ತೆಗೆದುಕೊಂಡು, ಡಬ್ಬಿಗೆ ನಾಣ್ಯ ಹಾಕಿ, ನನಗೊಂದು ನಮಸ್ಕಾರ ಹೇಳಿ ಹೊರಟೇಹೋದಳು.

"ಅಕ್ಕ, ಈಗ ಯಾರತ್ರ ಜಗಳ ಆಡೀಯೆ?" ಅಂದಳು ಸುಶೀಲ.

ಆರಿಸಿದ ಸೇಬಿನಲ್ಲಿ ಒಂದಕ್ಕೆ ಕಲೆ ಇತ್ತು. ಯಾರಿಗೆ ತೋರಿಸಲಿ? ಬರೆದಷ್ಟು ದುಡ್ಡನ್ನು ಡಬ್ಬಿಗೆ ಹಾಕಿದೆ. ಹೇಳಿದ ಬೆಲೆಗೆ ನಾನು ಕೊಂಡ ಮೊದಲ ಪದಾರ್ಥ ಅದು. ಸೇಬು ಮಾತ್ರ ಬಹಳ ರುಚಿ, ಕಲೆ ಇದ್ದದ್ದೂ.

ಬೀಲ್‌ಗೆ ಹೋಗುವ ರೈಲು

ಗಡಿಯಾರದ ಅಂಗಡಿ ಇದ್ದದ್ದು ಬೀಲ್ ಅನ್ನುವ ಊರಿನಲ್ಲಿ. ತಂಡದವರನ್ನು ಬಿಟ್ಟು ನಾವಿಬ್ಬರೇ ಬೆಳಿಗ್ಗೆ ರೈಲು ಹತ್ತಿದೆವು. ಆ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ಮಂಡ್ಯದಿಂದ ಬೆಂಗಳೂರಿಗೆ ಹೋಗುವ ಗಾಡಿಯಲ್ಲಿ ರಾಮನಗರ ಬರುವಷ್ಟರಲ್ಲಿ ಎದುರಿನವರ ಮಗಳಿಗೆ ಗಂಡು ಗೊತ್ತಾದ ಕಥೆಯೆಲ್ಲ ತಿಳಿದಿರುತ್ತದೆ. ಇಲ್ಲಿ ನಾನು ಕೋಡುಬಳೆ ಕಡಿದರೆ ಇಡೀ ಬೋಗಿಗೇ ಕೇಳಿಸುತ್ತಿತ್ತು. ಕೊನೆಗೆ ಬಾಯಲ್ಲಿಟ್ಟು ನೆನೆಸಿ ತಿಂದೆ.

ಇಲ್ಲಿ ನನ್ನ ಕಸುಬಿನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದೆ ಆದದ್ದು ನಿಮಗೆ ತಿಳಿಯುವುದಿಲ್ಲ. ಅಂಗಡಿ ಹಾಕುವ ಮೊದಲು ನಾನು ತಲೆಯ ಮೇಲೆ ಮಂಕರಿ ಹೊತ್ತು ಮಳವಳ್ಳಿ, ಬೆಳಕವಾಡಿ ಕಡೆಯ ಬೀದಿಗಳಲ್ಲಿ ಹಳೇ ಸೀರೆಗೆ ಪಾತ್ರೆ ಕೊಡುತ್ತಿದ್ದೆ. ಆ ವ್ಯಾಪಾರಕ್ಕೆ ಒಂದು ಕ್ರಮ ಇದೆ. ಸೀರೆ ಕೈಗೆ ಬಂದ ತಕ್ಷಣ ಹುಳುಕು ಹೇಳಬೇಕು. ಜರಿ ಕಪ್ಪಾಗಿದೆ, ಅಂಚು ಪಿಸಿದಿದೆ, ನಡುವೆ ತೂತು. ಅವಳು ನನ್ನ ಪಾತ್ರೆ ಎತ್ತಿ, ಇದೇನು ಕಾಗದದ ಹಾಗೆ ತೆಳ್ಳಗಿದೆ, ಉಗುರು ತಾಗಿದರೆ ನೆಗ್ಗುತ್ತದೆ ಅನ್ನಬೇಕು. ಇಬ್ಬರೂ ಮನಸಾರೆ ಬೈದುಕೊಂಡ ಮೇಲೆ ಒಪ್ಪಿಗೆ, ಆಮೇಲೆ ಅವಳೇ ಕಾಫಿ ಕೊಡುವುದು. ಹುಳುಕು ಹೇಳದೆ ಸೀರೆ ತೆಗೆದುಕೊಂಡರೆ ಅವಳಿಗೆ ಅನುಮಾನ ಬರುತ್ತದೆ, ಸೀರೆ ವಾಪಸ್ಸು ಕಿತ್ತುಕೊಳ್ಳುತ್ತಾಳೆ. ಹುಳುಕು ಹೇಳುವುದು ನಮ್ಮ ಕಡೆ ಜಗಳವಲ್ಲ, ನಿನ್ನ ಮಾಲು ನನಗೆ ಬೇಕು ಅನ್ನುವ ಮಾತು.

ಅಂಗಡಿಯೊಳಗೆ

ಬೀಲ್ ಊರಿನಲ್ಲಿ ಎಲ್ಲ ಬೋರ್ಡುಗಳೂ ಎರಡು ಭಾಷೆಯಲ್ಲಿ, ಜರ್ಮನ್ನಿನಲ್ಲೂ ಫ್ರೆಂಚಿನಲ್ಲೂ. ರಸ್ತೆಯಲ್ಲಿ ಒಂದು ವಾಹನವೂ ಇಲ್ಲದಿದ್ದರೂ ಜನ ಹಸಿರು ದೀಪ ಬರುವವರೆಗೆ ಕಲ್ಲಿನ ಹಾಗೆ ನಿಂತಿರುತ್ತಾರೆ. ಮದ್ದೂರಿನ ಹಳೇ ಹೆದ್ದಾರಿಯನ್ನು ದಿನಾ ದಾಟುವ ನಾನು ಅರ್ಧ ರಸ್ತೆಗೆ ಹೋಗಿದ್ದೆ. ಹಿಂದಿನಿಂದ ಒಬ್ಬರೂ ಬೈಯಲಿಲ್ಲ, ಸುಮ್ಮನೆ ನೋಡಿದರು. ನಾಚಿಕೆಯಾಗಿ ವಾಪಸ್ಸು ಬಂದು ನಿಂತೆ.

ಅಂಗಡಿಯಲ್ಲಿದ್ದವಳ ಹೆಸರು ವೆರೇನಾ. ನನ್ನದೇ ವಯಸ್ಸು ಇರಬಹುದು. ಕತ್ತರಿಸಿದ ಬಿಳಿ ಕೂದಲು, ಕೊರಳಲ್ಲಿ ನೀಲಿ ರೇಷ್ಮೆಯ ವಸ್ತ್ರ, ಮೈಮೇಲೆ ಗುಲಗಂಜಿ ಚಿನ್ನವಿಲ್ಲ. ಇಬ್ಬರ ಕೈಯನ್ನೂ ಕುಲುಕಿ, ಹೆಸರು ಕೇಳಿ, ಕೂರಿಸಿ ಕಾಫಿ ಕೊಟ್ಟಳು. ಅವಳ ಇಂಗ್ಲಿಷ್ ನಿಧಾನ, ನನ್ನದು ಅಂಗಡಿಯಲ್ಲಿ ಕಲಿತದ್ದು. ಹಾಗಾಗಿ ಚೆನ್ನಾಗಿ ಹೊಂದಿಕೆಯಾಯಿತು. ಆಮೇಲೆ ಚರ್ಮ ಹೊದಿಸಿದ ಒಂದು ತಟ್ಟೆಯಲ್ಲಿ ಗಡಿಯಾರ ತಂದಿಟ್ಟಳು.

ಚಿತ್ರದಲ್ಲಿ ನೋಡಿದ್ದು ಏನೂ ಅಲ್ಲ. ಉಬ್ಬಿದ ಗಾಜಿನ ಕೆಳಗೆ ಆ ಬೆಲ್ಲದ ಬಣ್ಣ ಬೆಳಕು ಬಿದ್ದ ಕಡೆಗೆ ಓಡಾಡುತ್ತಿತ್ತು. ಮನೆಯವರು ಕೈಗೆ ಕಟ್ಟಿಕೊಂಡರು. ಗುಂಡಿ ಒತ್ತಿದರು. ಟಿಕ್ ಅಂತ ಒಂದು ಸಣ್ಣ ಸದ್ದು, ತೆಳ್ಳನೆಯ ಮುಳ್ಳು ಹೊರಟಿತು. ಅವರ ಮುಖ ನೋಡಿದೆ. ಮಗಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ನೋಡಿದ್ದ ಮುಖ ಅದು.

ನನಗೆ ಭಯವಾಯಿತು. ಈ ಮುಖವನ್ನು ಅವಳು ನೋಡಿಬಿಟ್ಟರೆ ಒಂದು ಬಿಡಿಕಾಸೂ ಇಳಿಸುವುದಿಲ್ಲ. ಮೇಜಿನ ಕೆಳಗೆ ಅವರ ಕಾಲು ಒತ್ತಿ, ಗಡಿಯಾರ ಬಿಚ್ಚಿಸಿ, ನನ್ನ ಕೈಗೆ ತೆಗೆದುಕೊಂಡೆ.

"ಬಣ್ಣ ಒಂದೇ ಸಮ ಇಲ್ಲ," ಅಂದೆ. "ಬಿಸಿಲಲ್ಲಿ ಇಟ್ಟ ಮಾಲಿನ ಹಾಗಿದೆ. ಗಂಟೆಯ ಗುರುತುಗಳು ಹಳದಿಯಾಗಿವೆ. ಗಾಜು ಉಬ್ಬಿದೆ, ಎಲ್ಲಿಗಾದರೂ ತಗಲುತ್ತದೆ. ತೂಕವೂ ಜಾಸ್ತಿ. ಬಳೆ ತಿರುಗುವಾಗ ಬಿಗಿ."

"ಜಯ, ಸುಮ್ಕಿರು," ಅಂದರು ಮನೆಯವರು ಕನ್ನಡದಲ್ಲಿ.

"ನೀವು ಸುಮ್ಕಿರಿ. ಈಗ ಇಳೀತಾಳೆ ನೋಡ್ತಿರಿ."

ವೆರೇನಾ ನಗಲಿಲ್ಲ, ಕೋಪಿಸಿಕೊಳ್ಳಲೂ ಇಲ್ಲ. ನಾನು ಹೇಳಿದ ಒಂದೊಂದನ್ನೂ ಗಮನವಿಟ್ಟು ಕೇಳಿದಳು. ಕಣ್ಣಿಗೆ ಭೂತಗನ್ನಡಿ ಇಟ್ಟು ಗಡಿಯಾರವನ್ನು ಬಹಳ ಹೊತ್ತು ನೋಡಿದಳು. ನಾನು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ, ಎಷ್ಟಕ್ಕೆ ಶುರು ಮಾಡುತ್ತಾಳೆ, ನಾನು ಎಷ್ಟಕ್ಕೆ ನಿಲ್ಲಬೇಕು ಅಂತ.

"ಇಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೆ ಧನ್ಯವಾದ," ಅಂದಳು. "ಬಣ್ಣ ಹೀಗೆಯೇ ಇರಬೇಕಾದದ್ದು. ಆದರೆ ಬಳೆ ಬಿಗಿ ಅಂದಿರಿ. ದೋಷವಿದೆ ಎಂದು ಒಬ್ಬರು ಹೇಳಿದ ಗಡಿಯಾರವನ್ನು ನಾನು ಅದೇ ದಿನ ಮಾರುವುದಿಲ್ಲ. ಮೇಲಿನ ಕಾರ್ಯಾಗಾರಕ್ಕೆ ಕಳಿಸುತ್ತೇನೆ. ನಿಮಗೂ ಇಷ್ಟವಾಗಲಿಲ್ಲ. ಇಷ್ಟವಾಗದ್ದನ್ನು ಅಷ್ಟು ದೂರದಿಂದ ಬಂದವರಿಗೆ ಕೊಡುವುದು ಸರಿಯಲ್ಲ. ಹೆಸರು ಹೇಳಿಟ್ಟವರಲ್ಲಿ ನಿಮ್ಮ ನಂತರದವರಿಗೆ ತಿಳಿಸುತ್ತೇನೆ."

ತಟ್ಟೆ ಎತ್ತಿಕೊಂಡು ಹೋಗಿಯೇಬಿಟ್ಟಳು. ಮನೆಯವರು ಖಾಲಿ ಮೇಜು ನೋಡುತ್ತಾ ಕೂತರು.

ಇದೂ ಅವಳ ಆಟವೇ ಅಂದುಕೊಂಡೆ. ಇಂಥ ಆಟಕ್ಕೆ ನಮ್ಮಲ್ಲಿ ಮದ್ದಿದೆ. ಎದ್ದು ಹೊರಟುಬಿಡಬೇಕು. ಹೊಸಲು ದಾಟುವಷ್ಟರಲ್ಲಿ ಅಂಗಡಿಯವನು ಬನ್ನಿ ಅಮ್ಮ, ನೀವೇ ಒಂದು ಮಾತು ಹೇಳಿ ಅನ್ನುತ್ತಾನೆ. ಮನೆಯವರ ತೋಳು ಹಿಡಿದು ಎಬ್ಬಿಸಿದೆ. ಕರೆಯುವುದಕ್ಕೆ ಅವಳಿಗೆ ಅವಕಾಶ ಸಿಗಲಿ ಅಂತ ನಿಧಾನಕ್ಕೆ ನಡೆದೆ. ಬಾಗಿಲು ದಾಟಿದೆವು. ಪಕ್ಕದ ಅಂಗಡಿಯನ್ನೂ ದಾಟಿದೆವು. ಆಗ ಹಿಂದಿನಿಂದ ಓಡಿಬರುವ ಹೆಜ್ಜೆ ಸದ್ದು.

"ಬಂದ್ಲು," ಅಂದೆ ಮನೆಯವರಿಗೆ. "ತಿರುಗ್ಬೇಡಿ."

ವೆರೇನಾ ಏದುಸಿರು ಬಿಡುತ್ತಾ ಬಂದು ನಮ್ಮ ಕೊಡೆಯನ್ನು ನನ್ನ ಕೈಗೆ ಕೊಟ್ಟಳು. ಮರೆತು ಬಂದಿದ್ದೆವು. ಶುಭವಾಗಲಿ ಅಂತ ಹೇಳಿ ಅದೇ ವೇಗದಲ್ಲಿ ವಾಪಸ್ಸು ಹೋದಳು.

ಕೆರೆಯ ದಂಡೆ

ಆ ಊರಿಗೂ ಒಂದು ದೊಡ್ಡ ಕೆರೆಯಿದೆ, ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ನೀರು ಗಾಜಿನ ಹಾಗೆ. ದಂಡೆಯ ಕಲ್ಲುಬೆಂಚಿನ ಮೇಲೆ ಮನೆಯವರು ಕೂತರು. ನಾನು ಕೋಡುಬಳೆ ಕೊಟ್ಟೆ, ಬೇಡ ಅಂದರು. ಅಲ್ಲಿ ರಸ್ತೆಯ ನಲ್ಲಿಗಳಲ್ಲೇ ಕುಡಿಯುವ ನೀರು ಬರುತ್ತದೆ, ಬಾಟಲಿ ತುಂಬಿಸಿ ತಂದುಕೊಟ್ಟೆ. ಕುಡಿದು ಪಕ್ಕಕ್ಕಿಟ್ಟರು. ಬಾತುಕೋಳಿಗಳನ್ನು ನೋಡುತ್ತಿದ್ದರು.

"ಬಯ್ಯೋದಾದ್ರೆ ಬಯ್ದುಬುಡಿ," ಅಂದೆ.

"ಬಯ್ಯಾಕೆ ಏನದೆ."

"ನಾಲ್ಕು ಕಾಸು ಉಳ್ಸೋವ ಅಂತ ತಾನೆ ನಾನು..."

"ಉಳಿಸು ಅಂತ ನಾನು ಅಂದ್ನಾ ಜಯ?" ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. "ಬೆಲೆ ಬರ್ದಿತ್ತು. ನಾನು ಕೊಡಾಕೆ ಬಂದಿದ್ದೆ. ಸರ್ವೀಸೆಲ್ಲ ಒಬ್ರೂ ಕೈಗೆ ಕಟ್ದೇ ಇರೋ ಸ್ಟಾಪ್‌ವಾಚು ಒರೆಸಿ ಒರೆಸಿ ಇಟ್ಟೆ. ಆಕ್ದೇ ಇರೋ ರಜದ ದುಡ್ಡು ಅದು, ಒಂದ್ಸಲ ಕೈಗೆ ಕಟ್ಕಬೇಕು ಅಂತಿದ್ದೆ. ಕಟ್ಕಂಡೆ. ಬುಡು."

ನಾನು ವಾದ ಮಾಡಿ ಸೋತದ್ದು ಕಡಿಮೆ. ಅವತ್ತು ವಾದವೇ ಇರಲಿಲ್ಲ. ಆ ಗಡಿಯಾರ ಇನ್ಯಾರದೋ ಕೈಗೆ ಹೋದರೆ ಇವರು ಊರಿಗೆ ಬಂದು ಎಂದಿನಂತೆ ಪೇಪರ್ ಓದುತ್ತಾರೆ, ಎಂದಿನಂತೆ ತರಕಾರಿ ತರುತ್ತಾರೆ, ಯಾರಿಗೂ ಒಂದು ಮಾತು ಹೇಳುವುದಿಲ್ಲ. ಅದನ್ನು ನೋಡಿಕೊಂಡು ನಾನು ಇರಬೇಕು.

"ನಾಳೆ ಇನ್ನೊಂದ್ಸಲ ಬರೋಣ," ಅಂದೆ.

"ನಾಳೆ ಹಿಮದ ಬೆಟ್ಟಕ್ಕೆ ದುಡ್ಡು ಕಟ್ಟೀವಿ. ನಾಡಿದ್ದು ವಿಮಾನ."

"ಹಿಮ ಫ್ರಿಜ್ಜಲ್ಲೂ ಅದೆ."

"ಬಂದು ಅವಳಿಗೆ ಏನಂತೀಯ?"

"ಚೆನ್ನಾಗದೆ ಅಂತೀನಿ."

ಅವರು ಮೊದಲ ಸಲ ನನ್ನ ಕಡೆ ತಿರುಗಿದರು. "ನಿನ್ ಬಾಯಲ್ಲಿ ಬತ್ತದಾ?"

ವಾಪಸ್ಸು ಹೋಗುವ ರೈಲಿನಲ್ಲಿ ಅಭ್ಯಾಸ ಮಾಡಿಸಿದರು. ಕಿಟಕಿಯಾಚೆ ಬೆಟ್ಟ ತೋರಿಸಿ, "ಎಂಗದೆ?" ಅಂದರು.

"ಪರವಾಗಿಲ್ಲ," ಅಂದೆ.

"ಇನ್ನೊಂದ್ ಕಿತ."

"ಚೆನ್ನಾಗದೆ. ಸ್ವಲ್ಪ ಜಾಸ್ತಿ ಎತ್ತರ ಆಯ್ತು."

ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕರು ನಮ್ಮ ಮನೆಯವರು. ಆ ನಗು ಕೇಳಿದ ಮೇಲೆ ನನ್ನ ಜೀವ ಸ್ಥಿಮಿತಕ್ಕೆ ಬಂತು.

ಮತ್ತೆ ಬೀಲ್

"ಹಿಮ ನೋಡಾಕ್ ಬಂದು ಗಡಿಯಾರ ನೋಡಾಕ್ ಓಯ್ತೀರಲ್ಲ, ನಿಮ್ಗೇನ್ ಬಂದದೆ," ಅಂತ ಸುಶೀಲ ಬಸ್ಸಿನ ಕಿಟಕಿಯಿಂದ ಕೂಗಿದಳು. ಆ ಬೆಟ್ಟಕ್ಕೆ ಕಟ್ಟಿದ ದುಡ್ಡು ಹೋಯಿತು. ಅದರ ಬಗ್ಗೆ ಇನ್ನು ಮಾತಾಡುವುದಿಲ್ಲ.

ನಮ್ಮನ್ನು ಮತ್ತೆ ಕಂಡು ವೆರೇನಾಗೆ ಆಶ್ಚರ್ಯವಾಯಿತು. ಆದರೂ ಕೈ ಕುಲುಕಿ ಕಾಫಿ ತಂದಳು. ಗಡಿಯಾರ ಕಾರ್ಯಾಗಾರದಿಂದ ವಾಪಸ್ಸು ಬಂದಿದೆ, ಏನೂ ದೋಷವಿಲ್ಲ ಅಂದಳು. ಆದರೆ ನಮ್ಮ ನಂತರದ ಹೆಸರಿನವರಿಗೆ ಹೇಳಿಯಾಗಿದೆ, ಅವರು ಇನ್ನೇನು ಬರುತ್ತಾರೆ.

"ಅವರು ಬೇಡ ಎಂದರೆ?" ಮನೆಯವರು ಕೇಳಿದರು.

"ಆಗ ಮತ್ತೆ ನಿಮ್ಮದೇ ಸರದಿ. ಆದರೆ ನಿಮ್ಮ ಹೆಂಡತಿಗೆ ಇಷ್ಟವಾಗಲಿಲ್ಲವಲ್ಲ?"

ನಾನು ಬಾಯಲ್ಲಿ ಹೇಳಿದರೆ ನಂಬುವುದಿಲ್ಲ ಅನ್ನಿಸಿತು. ಚೀಲದಿಂದ ಕೋಡುಬಳೆಯ ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ನಿಮ್ಮ ಕೊರಳ ವಸ್ತ್ರ ಕೊಡಿ ಅಂದೆ. ಅವಳು ಗೊಂದಲದಲ್ಲೇ ಬಿಚ್ಚಿ ಕೊಟ್ಟಳು. ನಾನು ಅದನ್ನು ಬೆಳಕಿಗೆ ಹಿಡಿದು, ನಮ್ಮೂರ ಬೀದಿಯಲ್ಲಿ ನಿಂತ ಹಾಗೆಯೇ ಶುರು ಮಾಡಿದೆ. ಬಣ್ಣ ಹೋಗಿದೆ, ಅಂಚಿನ ಹೊಲಿಗೆ ಬಿಟ್ಟಿದೆ, ಇಷ್ಟು ಚಿಕ್ಕ ಬಟ್ಟೆ ಯಾರಿಗೆ ಸಾಕು. ಅವಳ ಮುಖ ಸಣ್ಣದಾಯಿತು. ಆಗ ವಸ್ತ್ರವನ್ನು ಎದೆಗೆ ಒತ್ತಿಕೊಂಡು, "ನಮ್ಮ ಊರಿನಲ್ಲಿ ಇದರ ಅರ್ಥ, ಇದು ನನಗೆ ಬೇಕೇ ಬೇಕು," ಅಂದೆ. "ಬೇಡದ ವಸ್ತುವಿಗೆ ನಾವು ಹುಳುಕು ಹುಡುಕುವುದಿಲ್ಲ. ಚೆನ್ನಾಗಿದೆ ಅಂದು ಮನೆಗೆ ಹೋಗುತ್ತೇವೆ."

ವೆರೇನಾ ನನ್ನನ್ನೇ ನೋಡಿದಳು. "ಹಾಗಾದರೆ ನಿನ್ನೆ ಅಷ್ಟೊಂದು ಹೇಳಿದಿರಲ್ಲ..."

"ಅಷ್ಟೊಂದು ಬೇಕಿತ್ತು."

ಅವಳು ಮೆಲ್ಲನೆ ನನ್ನ ಡಬ್ಬಿ ಎತ್ತಿ, ಕಣ್ಣಿಗೆ ಭೂತಗನ್ನಡಿ ಇಟ್ಟು, ಸುತ್ತಲೂ ತಿರುಗಿಸಿದಳು. "ಮುಚ್ಚಳ ಸಡಿಲ," ಅಂದಳು. "ಇಲ್ಲಿ ನೆಗ್ಗಿದೆ. ಮತ್ತೆ ಒಳಗಿನಿಂದ ಏನೋ ಮೆಣಸಿನಕಾಯಿ ವಾಸನೆ."

ನಾವಿಬ್ಬರೂ ನಕ್ಕಿದ್ದು ಮೇಲಿನ ಕಾರ್ಯಾಗಾರಕ್ಕೆ ಕೇಳಿಸಿರಬೇಕು. ಬೆಳಕವಾಡಿಯಲ್ಲಿ ಇವಳನ್ನು ಒಂದು ವಾರ ಬಿಟ್ಟರೆ ಯಾವ ಹೆಂಗಸೂ ಇವಳಿಗೆ ಸೀರೆ ಕೊಟ್ಟು ಗೆಲ್ಲಲಾರಳು.

ಅಷ್ಟರಲ್ಲಿ ಬಾಗಿಲು ತೆರೆಯಿತು. ನಂತರದ ಹೆಸರಿನವರು ಬಂದರು, ಎತ್ತರದ, ಕೋಟು ಹಾಕಿದ ಗಂಡಸು, ಅದೇ ಊರಿನವರು. ವೆರೇನಾ ನಗು ನುಂಗಿ ಗಡಿಯಾರ ತಂದಿಟ್ಟಳು. ನಾವು ಮೂಲೆಯ ಕುರ್ಚಿಗೆ ಸರಿದೆವು. ಮನೆಯವರು ನನ್ನ ಸೆರಗಿನ ಚುಂಗು ಹಿಡಿದುಕೊಂಡಿದ್ದರು, ಅವರಿಗೇ ಗೊತ್ತಿಲ್ಲದೆ.

ಆ ಮನುಷ್ಯ ಗಡಿಯಾರ ನೋಡಿದ್ದೇ ಹೊಗಳಲು ಶುರು ಮಾಡಿದ. ಮಾತು ಫ್ರೆಂಚು, ಒಂದಕ್ಷರ ತಿಳಿಯದು. ಆದರೆ ಹೊಗಳಿಕೆ ಯಾವ ಭಾಷೆಯಲ್ಲಿದ್ದರೂ ಗೊತ್ತಾಗುತ್ತದೆ. ಬೆರಳ ತುದಿಗೆ ಮುತ್ತಿಟ್ಟು ತೋರಿಸಿದ. ಕೈಗೆ ಕಟ್ಟಿಕೊಂಡು ಕನ್ನಡಿಯಲ್ಲಿ ನೋಡಿದ. ಗುಂಡಿ ಒತ್ತಿ ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದ.

"ಒಂಟೋಯ್ತು ಜಯ," ಅಂದರು ಮನೆಯವರು ಪಿಸುಗುಟ್ಟಿ.

ನಾನು ಆ ಗಂಡಸನ್ನು ಮೇಲಿಂದ ಕೆಳಗೆ ನೋಡಿದೆ. ನಮ್ಮ ಅಂಗಡಿಗೆ ಬಂದು ಎಷ್ಟು ಚೆನ್ನಾಗಿದೆ, ಎಷ್ಟು ಚೆನ್ನಾಗಿದೆ ಅನ್ನುವ ಗಿರಾಕಿಗೆ ನಾನು ಕುರ್ಚಿ ಹಾಕುವುದಿಲ್ಲ. ಇದೇನು ಇಷ್ಟು ತೆಳುವು ಅನ್ನುವವಳಿಗೆ ಕುರ್ಚಿ, ಕಾಫಿ ಎರಡೂ. ಈ ಮನುಷ್ಯ ಬಂದಾಗಿನಿಂದ ಒಂದೇ ಒಂದು ಹುಳುಕು ಹೇಳಿಲ್ಲ. ಗಡಿಯಾರದ ಪಟ್ಟಿ ಬದಲಾಯಿಸಿ ಕೊಡುತ್ತೀರಾ ಅಂತ ಕೂಡ ಕೇಳಿದ ಹಾಗೆ ಕಾಣಲಿಲ್ಲ.

"ತಗಳಲ್ಲ," ಅಂದೆ.

"ನಿಂಗೇನ್ ಗೊತ್ತು?"

"ಒಗಳ್ತಾ ಅವ್ನೆ. ತಗಳಲ್ಲ. ಸುಮ್ಕಿರಿ."

ಇನ್ನಷ್ಟು ಹೊತ್ತು ಹೊಗಳಿದ. ನಂತರ ಕೋಟಿನ ತೋಳನ್ನು ಎಳೆದು ಗಡಿಯಾರದ ಮೇಲೆ ತರಲು ನೋಡಿದ. ದಪ್ಪ ಗಡಿಯಾರ ಒಳಗೆ ಹೋಗದೆ ಕೋಟಿನ ತೋಳು ಉಬ್ಬಿ ನಿಂತಿತು. ಮತ್ತೊಂದು ಸಲ ನೋಡಿದ. ದೊಡ್ಡದೊಂದು ನಿಟ್ಟುಸಿರು ಬಿಟ್ಟು, ಗಡಿಯಾರ ಬಿಚ್ಚಿ ತಟ್ಟೆಯಲ್ಲಿಟ್ಟು, ಮತ್ತೆ ಮುತ್ತಿನ ಸನ್ನೆ ಮಾಡಿ, ವೆರೇನಾಳ ಕೈ ಕುಲುಕಿ, ನಮಗೂ ತಲೆಬಾಗಿಸಿ, ಹೊರಟುಹೋದ.

ಮನೆಯವರು ಸೆರಗು ಬಿಟ್ಟರು. ವೆರೇನಾ ತಟ್ಟೆಯನ್ನು ನಮ್ಮ ಮುಂದಿಟ್ಟು ನನ್ನ ಕಡೆ ತಿರುಗಿದಳು. "ನೀವು ಏನು ಹೇಳುತ್ತೀರಿ?"

ರೈಲಿನಲ್ಲಿ ಕಲಿತ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನನ್ನ ನಾಲಿಗೆಯನ್ನು ನಾನು ನಂಬಲಿಲ್ಲ. ಕಾಫಿ ಲೋಟ ಬಾಯಿಗಿಟ್ಟುಕೊಂಡು, ಕೈಯಲ್ಲಿ ಮನೆಯವರನ್ನು ತೋರಿಸಿದೆ.

"ಇದು ನನಗೆ ತುಂಬಾ ಇಷ್ಟವಾಗಿದೆ," ಅಂದರು ಅವರು. ಅಷ್ಟೇ.

ಬರೆದ ಬೆಲೆ ಕೊಟ್ಟೆವು, ಒಂದು ಕಾಸೂ ಕಡಿಮೆಯಿಲ್ಲದೆ. ನಾನು ಆ ಹೊತ್ತಿಗೆ ಗೋಡೆಯ ಚಿತ್ರ ನೋಡುತ್ತಿದ್ದೆ. ಹೊರಡುವಾಗ ವೆರೇನಾ ನೀಲಿ ವಸ್ತ್ರವನ್ನು ನನ್ನ ಕೊರಳಿಗೆ ಸುತ್ತಿ, ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಮುಚ್ಚಳ ಸಡಿಲವಿದ್ದರೂ ಪರವಾಗಿಲ್ಲ," ಅಂದಳು. ಒಳಗೆ ಅರ್ಧ ಡಬ್ಬಿ ಕೋಡುಬಳೆ ಇತ್ತು, ಅದನ್ನು ಕೊಸರು ಅಂತ ಇಟ್ಟುಕೋ ಅಂದೆ.

ಬೀದಿಗೆ ಬಂದ ಮೇಲೆ ಮನೆಯವರು ಗುಂಡಿ ಒತ್ತಿದರು. ತೆಳ್ಳನೆಯ ಮುಳ್ಳು ಬೆಲ್ಲದ ಮೇಲೆ ಓಡತೊಡಗಿತು.

"ಏನು ಅಳೀತಿದ್ದೀರಿ?" ಅಂದೆ.

"ಏನೂ ಇಲ್ಲ," ಅಂದರು. "ಓಡ್ಲಿ ಬುಡು."

ಕೆರೆಯವರೆಗೂ ನಡೆದು, ಅದೇ ಬೆಂಚಿನ ಮೇಲೆ ಕೂತು, ಸೂರ್ಯ ಬೆಟ್ಟದಾಚೆ ಇಳಿಯುವ ತನಕ ಅದನ್ನು ನಿಲ್ಲಿಸಲಿಲ್ಲ.

ಮದ್ದೂರಿಗೆ ಬಂದ ಮೇಲೆ

ಈಗ ನೀವೂ ಹೋಗುವವರಿದ್ದರೆ ನನ್ನ ಮಾತು ಕೇಳಿ. ಗಡಿಯಾರವನ್ನು ಸೂಟ್‌ಕೇಸಿಗೆ ಹಾಕಬೇಡಿ, ಕೈಚೀಲದಲ್ಲಿಟ್ಟು ಬಿಲ್ಲನ್ನು ಜೊತೆಗೇ ಇಡಿ. ಆ ದೇಶದ ತೆರಿಗೆಯಲ್ಲಿ ಹೊರಗಿನವರಿಗೆ ಒಂದು ಭಾಗ ವಾಪಸ್ಸು ಕೊಡುತ್ತಾರೆ, ಅದರ ಕಾಗದವನ್ನು ಅಂಗಡಿಯಲ್ಲೇ ಕೇಳಿ ಪಡೆಯಬೇಕು, ವಿಮಾನ ಹತ್ತುವ ಮೊದಲು ಮುದ್ರೆ ಹಾಕಿಸಬೇಕು. ನಿದ್ದೆಗಣ್ಣಲ್ಲಿ ಮರೆತರೆ ಹೋದಂತೆ. ಬೆಂಗಳೂರಿನಲ್ಲಿ ಇಳಿದ ಮೇಲೆ ಮುಚ್ಚಿಡಬೇಡಿ. ಅಂಗಿಯ ತೋಳು ಎಳೆದುಕೊಂಡು ಮರೆಮಾಡಿದರೆ ಯಾರಿಗೂ ಕಾಣುವುದಿಲ್ಲ ಅಂತ ಹೇಳುವವರು ತಂಡದಲ್ಲಿ ಒಬ್ಬರಾದರೂ ಇರುತ್ತಾರೆ, ನಮ್ಮಲ್ಲಿ ಸುಶೀಲ ಇದ್ದಳು. ನಾವು ನೆಟ್ಟಗೆ ಹೋಗಿ ಹೇಳಿ ಸುಂಕ ಕಟ್ಟಿದೆವು. ಮನೆಗೆ ಬಂದು ನೆಮ್ಮದಿಯಾಗಿ ನಿದ್ದೆ ಮಾಡಿದೆವು. ಆ ಸುಂಕವನ್ನೂ ಸೇರಿಸಿಯೇ ಮೊದಲು ಲೆಕ್ಕ ಹಾಕಿಕೊಳ್ಳಿ. ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ಎಣ್ಣೆ ಹಾಕಿಸಬೇಕು, ಅದಕ್ಕೂ ಒಳ್ಳೆ ಖರ್ಚಿದೆ.

ಮುಳುಗುವವರ ಗಡಿಯಾರ ಅಂತ ಗುಂಡಿಗಳನ್ನು ನೀರೊಳಗೆ ಒತ್ತಬೇಡಿ, ಹಾಗೆ ಒತ್ತುವುದಕ್ಕೆ ಬೇರೆ ಮಾದರಿಯೇ ಇರುತ್ತದಂತೆ. ಯಾವುದು ಏನೆಂದು ಕೊಳ್ಳುವಾಗಲೇ ಕೇಳಿ. ಹಳೆಯ ಮಾದರಿ ಇಷ್ಟಪಡುವವರು ಅಂಗಿ ಕೋಟಿನ ತೋಳಿನ ಅಳತೆ ನೋಡಿಕೊಂಡು ಹೋಗಿ, ಇವು ದಪ್ಪ. ತಿನ್ನುವುದಕ್ಕೆ ಏನಾದರೂ ಒಯ್ಯುವುದಾದರೆ ಸದ್ದಾಗದ್ದು ಒಯ್ಯಿರಿ. ಚಕ್ಕುಲಿ ಬೇಡ, ಕೋಡುಬಳೆ ಬೇಡ, ಒಬ್ಬಟ್ಟು ಒಳ್ಳೆಯದು.

ಬೆಲೆ ಬರೆದಿರುವ ಅಂಗಡಿಯಲ್ಲಿ ಬರೆದದ್ದೇ ಬೆಲೆ. ನಿಮಗೆ ಚೌಕಾಸಿ ಮಾಡದೆ ಇರಲಾಗದಿದ್ದರೆ ಹಿಂದಿನ ದಿನ ಬೇರೆ ಎಲ್ಲಾದರೂ ಹೋಗಿ ಚಟ ತೀರಿಸಿಕೊಂಡು ಬನ್ನಿ. ನೀವು ಕೊಳ್ಳುವುದು ಬೇರೆಯವರಿಗಾಗಿ ಆದರೆ ಅವರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ನೀವು ಹಿಂದೆ ಸರಿದು ಕಾಫಿ ಕುಡಿಯುತ್ತಾ ಅವರ ಮುಖ ನೋಡುತ್ತಿರಿ. ಅಲ್ಲಿ ಕಾಫಿಗೆ ದುಡ್ಡು ಕೇಳುವುದಿಲ್ಲ, ವಿಚಾರಿಸಿದ್ದೇನೆ.